ಅಂದಾನೆಪ್ಪನ ಖಾನಾವಳಿಗೆ ಹೋಗಬೇಕೋ ಬೇಡವೋ

ಮುನವಳ್ಳಿಯ ನಿಜಗುಣಪ್ಪನ ಮುಂದೆ ಊಟದ ಮಾತೆತ್ತಿದರೆ ಮುಗಿಯಿತು, ಬೈಲಹೊಂಗಲದ ಅಂದಾನೆಪ್ಪನ ಖಾನಾವಳಿಗೆ ಹೋಗಿ ಬರದೆ ಆ ಮಾತು ನಿಲ್ಲುತ್ತಿರಲಿಲ್ಲ. ಪ್ರಾಯದಲ್ಲಿ ಹತ್ತಿಯ ಗಾಡಿ ಹೊಡೆದುಕೊಂಡು ಪೇಟೆಗೆ ಹೋದಾಗಲೆಲ್ಲ ಅಲ್ಲೇ ಊಟ. ಹಂಚಿನಿಂದ ನೇರ ತಾಟಿಗೆ ಬೀಳುವ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. "ಸಾಕೋ ಅಂದ್ರೂ ಬಿಡತಿದ್ದಿಲ್ಲ ಪುಣ್ಯಾತ್ಮ!" ಎನ್ನುವಾಗ ಮುದುಕನ ಬಾಯಲ್ಲಿ ಈಗಲೂ ನೀರು.

ಮೊನ್ನೆ ಮೊಮ್ಮಗಳು ಮೀನಾ ಮೊಬೈಲ್ ಹಿಡಿದುಕೊಂಡು ಬಂದಳು. ಖಾನಾವಳಿಗೆ ನೂರು ವರ್ಷ ತುಂಬಿತಂತೆ, ಎಲ್ಲೆಲ್ಲಿಂದಲೋ ಜನ ಕಾರು ಮಾಡಿಕೊಂಡು ಬರುತ್ತಿದ್ದಾರಂತೆ.

"ಅಜ್ಜಾ, ಐತವಾರ ಹೋಗೂಣು?"

ಕುಣಿದಾಡಬೇಕಾದ ಮನುಷ್ಯ ಮುಖ ಸಿಂಡರಿಸಿದ. "ಯಾಕ? ಅಂದಾನೆಪ್ಪ ಹೋದ, ರುಚಿನೂ ಹೋತು. ಈಗ ಗ್ಯಾಸಿನ ಒಲಿ, ಸ್ಟೀಲ್ ಟೇಬಲ್. ದೂರದ ಗುಡ್ಡ ನುಣ್ಣಗ, ಸುಮ್ಮನ ಕುಂದ್ರ." ಅವನ ಸಂಕಟ ಬೇರೆಯೇ ಇತ್ತು. ಒಂದು ತುತ್ತು ಸಪ್ಪೆಯಾದರೂ ಇಷ್ಟು ವರ್ಷ ನಾಲಿಗೆಯ ಮೇಲೆ ಕಾಪಾಡಿಕೊಂಡದ್ದೆಲ್ಲ ಕೆಟ್ಟುಹೋದೀತೆಂಬ ಭಯ.

ಮೆಂತ್ಯಸೊಪ್ಪು ಸೋಸುತ್ತಿದ್ದ ಹೆಂಡತಿ ಗುರುಬಸವ್ವ ತಲೆ ಎತ್ತಿದಳು.

"ನೀವು ನೋಡೀರಿ, ಉಂಡೀರಿ, ಈಗ ಅಲ್ಲೇನೂ ಇಲ್ಲ ಅಂತೀರಿ. ನಾ ಇನ್ನಾ ಒಳಗ ಕಾಲೇ ಇಟ್ಟಿಲ್ಲಲ್ರೀ."

ಅವಳು ಹೇಳಿದ್ದು ನಿಜವೇ. ಪ್ರತಿ ಸಲವೂ ಅವಳು ಗಾಡಿಯಲ್ಲಿ ಜೊತೆಗೆ ಬಂದಿದ್ದಳು. ಆದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಆಗ ಖಾನಾವಳಿಯ ಮೆಟ್ಟಿಲು ಹತ್ತುವುದುಂಟೇ? ಎದುರಿನ ಬೇವಿನ ಮರದ ಕೆಳಗೆ ಎತ್ತು ಕಾಯುತ್ತ ಬುತ್ತಿ ಬಿಚ್ಚುತ್ತಿದ್ದಳು. ಇವನು ಉಂಡು ಬಂದು, ಎಲೆಯಲ್ಲಿ ಸುತ್ತಿದ, ಕಡಲೆಹಿಟ್ಟಿನ ಎರಡು ಝುಣಕದ ವಡಿ ಅವಳ ಕೈಗಿಟ್ಟು, ಏನೋ ಮಹಾ ಉಪಕಾರ ಮಾಡಿದವನಂತೆ ಮೀಸೆ ಒರೆಸಿಕೊಳ್ಳುತ್ತಿದ್ದ.

ಐತವಾರ ಮೂವರೂ ಬಸ್ಸು ಹತ್ತಿದರು. ಗುರುಬಸವ್ವ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟಿದ್ದಳು.

ಖಾನಾವಳಿಯಲ್ಲಿ ನಿಜಗುಣಪ್ಪ ರೂಢಿಯಂತೆ ಕಿಟಕಿಯ ಪಕ್ಕದ ಜಾಗ ಹಿಡಿದ. ರೊಟ್ಟಿ ಬಂತು. ಅಂದಾನೆಪ್ಪನ ರೊಟ್ಟಿಯಲ್ಲ, ಆದರೆ ತೆಗೆದುಹಾಕುವಂಥದ್ದೂ ಅಲ್ಲ. ಮೊಸರು ಮಾತ್ರ ಬರೀ ನೀರು. ಬೈಯಬೇಕೆಂದು ತಲೆ ಎತ್ತಿದರೆ, ಎದುರಿಗೆ ಕುಳಿತ ಗುರುಬಸವ್ವ ತಾಟು ಮುಟ್ಟದೆ ಕಿಟಕಿಯಾಚೆಯ ಬೇವಿನ ಮರವನ್ನೇ ನೋಡುತ್ತಿದ್ದಳು. ಅದರ ಕೆಳಗೆ ಈಗ ಮೋಟರ್‌ಸೈಕಲ್ಲುಗಳ ಸಾಲು.

"ಆವಾಗೂ ಇಲ್ಲೇ ಕುಂದ್ರತಿದ್ರ್ಯಾ?" ಮರದ ಮೇಲಿನ ಕಣ್ಣು ತೆಗೆಯದೆ ಕೇಳಿದಳು.

"ಹೂಂ. ಕಿಟಕಿಗೆ ಬೆನ್ನ ಮಾಡಿ, ಒಲಿ ಕಡೆ ಮಾರಿ ಮಾಡಿ." ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಒಂದು ಸಲವಾದರೂ ತಿರುಗಿ ನೋಡಿದ ನೆನಪಿಲ್ಲ.

"ಗೊತ್ತೈತಿ ಬಿಡ್ರಿ," ಗುರುಬಸವ್ವ ನಕ್ಕಳು. "ಗಾಡಿಯಿಂದ ನನಗ ನಿಮ್ಮ ರುಮಾಲು ಕಾಣತಿತ್ತು. ಅದು ಬಗ್ಗಿತಂದ್ರ ನೀವು ತುತ್ತು ಎತ್ತಿದ್ರಿ ಅಂತ ನಾನೂ ಬುತ್ತಿ ರೊಟ್ಟಿ ಮುರೀತಿದ್ದೆ. ಇಬ್ಬರೂ ಕೂಡೇ ಉಂಡಂಗ ಆಗತಿತ್ತು."

ನಿಜಗುಣಪ್ಪನ ಕಣ್ಣು ತುಂಬಿದವು. ಮೊಸರಿನ ಮಾತು ಅವನ ಬಾಯಿಂದ ಹೊರಬರಲೇ ಇಲ್ಲ.

"ಉಣ್ರಿ, ಆರತೈತಿ," ಎಂದಳು ಅವಳು. "ಇವತ್ತರ ನಿಮ್ಮ ಮಾರಿ ಕಾಣಾಕ ಹತ್ತೈತಿ."

ಮುದುಕ ಕೈಯಲ್ಲಿದ್ದ ತುತ್ತು ತಾಟಿಗಿಟ್ಟು, ಮೊದಲು ಅವಳು ರೊಟ್ಟಿ ಮುರಿಯಲೆಂದು ಕಾದು ಕುಳಿತ.