ಆಯ್ತಕ್ಕ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಸಂಬಳದ ದಿನ ಬಿಟ್ಟರೆ ಆ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಬ್ರೆಡ್ ಕಾರ್ಖಾನೆಯ ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಆಕೆ ಆಯ್ತಕ್ಕ. ಏನು ಹೇಳಿದರೂ ‘ಆಯ್ತು’ ಅನ್ನುವವಳಿಗೆ ಬೇರೆ ಇನ್ನೇನು ಹೆಸರಿಡುತ್ತಾರೆ ಹೇಳಿ? ‘ಅಕ್ಕಾ, ಇವತ್ತು ನನ್ನ ಪಾಳಿನೂ ನೀನೇ ಮಾಡ್ತೀಯಾ?’ ಆಯ್ತು. ‘ಅಕ್ಕಾ, ಈ ಟ್ರೇಗಳನ್ನೆಲ್ಲ ಇನ್ನೊಂದ್ಸಲ ತೊಳೀಬೇಕಂತೆ.’ ಆಯ್ತು. ಮನೆ ಮಾಲೀಕ ಬಂದು ಟ್ಯಾಂಕು ಸೋರುತ್ತಿದೆ, ಸ್ವಲ್ಪ ದಿನ ಕೆಳಗಿನಿಂದ ನೀರು ಹೊತ್ತುಕೊಳ್ಳಿ ಅಂದರೆ ಅದಕ್ಕೂ ಆಯ್ತು. ಗಂಡ ಇನ್ನೊಬ್ಬಳ ಜೊತೆ ಹೋಗಲು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗಲೂ ಆಕೆಯ ಬಾಯಿಂದ ಬಂದದ್ದು ಅದೇ ಒಂದು ಮಾತು. ಅವನು ಮೆಟ್ಟಿಲಿಳಿದ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳಂತೆ. ಅಳುವುದರಲ್ಲೂ ಪಕ್ಕದ ಮನೆಯವರಿಗೆ ತೊಂದರೆ ಕೊಡದ ಹೆಂಗಸು!

ಆಕೆಗೆ ಉಳಿದವನು ತಮ್ಮನೊಬ್ಬ. ತಾಯಿ ತೀರಿಕೊಂಡಾಗ ಅವನಿನ್ನೂ ಎದೆಹಾಲು ಬಿಡದ ಕೂಸು. ತುತ್ತು ಮಾಡಿ ಬಾಯಿಗಿಟ್ಟವಳು, ಜ್ವರ ಬಂದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು, ಶಾಲೆಗೆ ಹೋಗಲ್ಲ ಅಂದರೆ ಕಿವಿ ಹಿಂಡಿ ಕಳಿಸಿದವಳು ಎಲ್ಲ ಅಕ್ಕನೇ. ದೊಡ್ಡವನಾದ ಮೇಲೆ ಅವನನ್ನು ತನ್ನ ಕಾರ್ಖಾನೆಗೇ ಸೇರಿಸಿದ್ದಳು. ಹಿಟ್ಟು ಕಲಸುವುದರಲ್ಲಿ ಅವನದು ಎತ್ತಿದ ಕೈ. ಮಾತಿನಲ್ಲಂತೂ ಕೇಳುವುದೇ ಬೇಡ.

‘ಯಮ ಬಂದು ನಡಿಯಮ್ಮ ಅಂದ್ರೂ, ಆಯ್ತು ಇರಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ ಅಂತೀಯಲ್ಲಕ್ಕಾ ನೀನು!’ ಎಂದು ಎಲ್ಲರ ಮುಂದೆ ಛೇಡಿಸುತ್ತಿದ್ದ.

‘ಹೋಗೋ, ಕತ್ತೆ. ಅವನ ಹತ್ರನೂ ಜಗಳ ಆಡ್ಲಾ?’ ಎಂದು ಆಕೆ ನಗುತ್ತಿದ್ದಳು.

ವರ್ಷಗಟ್ಟಲೆ ಪ್ಯಾಕಿಂಗ್ ಮೇಜಿನ ಮುಂದೆ ನಿಂತು ನಿಂತು ಆಕೆಯ ಮಂಡಿಗಳು ಸವೆದುಹೋಗಿದ್ದವು. ಅಂಥ ಹೊತ್ತಿನಲ್ಲಿ ಹಿಟ್ಟು ಕಲಸುವ ವಿಭಾಗದ ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ. ಹೊಸಬರನ್ನು ಹುಡುಕುವವರೆಗೆ ನೀನೇ ನೋಡಿಕೋ ಎಂದು ಮ್ಯಾನೇಜರ್ ಆಯ್ತಕ್ಕನಿಗೆ ಹೇಳಿದ. ಚೆನ್ನಾಗಿ ನಿಭಾಯಿಸಿದರೆ ಆ ಜಾಗ, ಕೂರಲು ಕುರ್ಚಿ, ಎರಡೂ ಕಾಯಂ. ನಿಭಾಯಿಸದಿದ್ದರೆ ಮತ್ತೆ ಪ್ಯಾಕಿಂಗ್, ಮತ್ತೆ ದಿನವಿಡೀ ನಿಲ್ಲುವುದು. ಹಾಗೆ ನಿಲ್ಲಲು ಇನ್ನು ತನ್ನಿಂದ ಆಗುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಕಾಯಂ ಆದರೆ ಮಂಡಿಯೂ ಉಳಿಯುತ್ತದೆ, ತಮ್ಮನ ಮದುವೆಯೂ ಆಗುತ್ತದೆ ಎಂದು ಆಸೆಪಟ್ಟಳು. ಜೀವಮಾನದಲ್ಲಿ ತನಗಾಗಿ ಆಕೆ ಆಸೆಪಟ್ಟದ್ದು ಅದೊಂದನ್ನೇ ಇರಬೇಕು.

ಹಿಟ್ಟು ಕಲಸುವ ಕೋಣೆಯಲ್ಲಿ ದೊಡ್ಡ ದೊಡ್ಡ ಉಕ್ಕಿನ ಬಾನಿಗಳು. ಒಂದೊಂದರಲ್ಲೂ ತೋಳು ಗಾತ್ರದ ಕೊಕ್ಕೆ ತಿರುಗುತ್ತದೆ. ಒಂದು ಸಲ ಹಿಟ್ಟು ತೆಗೆದ ಮೇಲೆ ಕೊಕ್ಕೆಗೆ ಮೆತ್ತಿದ್ದನ್ನು ಕೈಹಾಕಿ ಕೆರೆಯಬೇಕು. ಆ ಹೊತ್ತಿಗೆ ಬಾನಿಯ ಪಕ್ಕದಲ್ಲೇ ಇರುವ ಸ್ವಿಚ್ಚನ್ನು ಆರಿಸಿಟ್ಟುಕೊಳ್ಳಬೇಕೆನ್ನುವುದು ನಿಯಮ. ಆದರೆ ತಮ್ಮನ ಬಾನಿಯ ಸ್ವಿಚ್ಚು ಕೆಟ್ಟು ಯಾವ ಕಾಲವಾಗಿತ್ತೋ! ಹೇಳಿದಾಗಲೆಲ್ಲ ಮ್ಯಾನೇಜರ್ ‘ಮಾಡಿಸೋಣ, ಮಾಡಿಸೋಣ’ ಅನ್ನುತ್ತಿದ್ದ. ಹಾಗಾಗಿ ಆ ಬಾನಿಯನ್ನು ಓಡಿಸುವುದು, ನಿಲ್ಲಿಸುವುದು ಎಲ್ಲ ಆಚೆ ಗಾಜಿನ ಕೋಣೆಯಲ್ಲಿ ಕೂತ ಸ್ವಿಚ್ಚಣ್ಣನ ಕೈಯಲ್ಲಿತ್ತು. ಸ್ವಿಚ್ಚಣ್ಣ ಬಹಳ ಹಳಬ, ಸಾಧು ಮನುಷ್ಯ. ಗಾಜಿನ ತುಂಬ ಹಿಟ್ಟಿನ ಧೂಳು ಕೂತು ಅವನಿಗೆ ಬಾನಿ ಕಾಣುತ್ತಿರಲಿಲ್ಲ. ವಾಕಿಟಾಕಿಯಲ್ಲಿ ಸೂಪರ್‌ವೈಸರ್ ಹೇಳಿದ ಮೇಲೆ ಬಟನ್ ಒತ್ತುತ್ತಿದ್ದ.

ಆಯ್ತಕ್ಕ ಆ ವಾಕಿಟಾಕಿಯನ್ನು ಹಿಡಿದು ಮಾತಾಡುತ್ತಿದ್ದ ರೀತಿಯೇ ಒಂದು ತಮಾಷೆ. ‘ಅಣ್ಣಾ, ಇರಿ ಇರಿ, ಒತ್ತಬೇಡಿ. ನನ್ನ ತಮ್ಮ ಇನ್ನೂ ಒಳಗೆ ಬಗ್ಗಿದ್ದಾನೆ. ಲೋ, ಏಳೋ. ಹಾಂ, ಎದ್ದ. ಈಚೆ ಬಂದ. ಎರಡು ಕೈನೂ ಕಾಣ್ತಿದೆ ಅಣ್ಣಾ. ಈಗ ಒತ್ತಿ.’ ಪ್ರತಿ ಸಲ ಇಷ್ಟುದ್ದ. ಮಾತು ಕಡಿಮೆಯ ಹೆಂಗಸು, ಆ ಬಾನಿಯ ಮುಂದೆ ಮಾತ್ರ ವಾಚಾಳಿ. ಕೇಳಿದವರು ನಗುತ್ತಿದ್ದರು. ಯಾರ ಕೂದಲೂ ಕೊಂಕಿರಲಿಲ್ಲ.

ಹೀಗಿರುವಾಗ ತರಬೇತಿ ಬಂತು. ಕೆಲಸದ ಜಾಗದಲ್ಲಿ ಮನುಷ್ಯ ತನ್ನ ದಕ್ಷತೆ ಬೆಳೆಸಿಕೊಳ್ಳುವುದು ಹೇಗೆ ಎಂದು ಕಲಿಸಲು ಕಂಪನಿಯವರು ಒಬ್ಬನನ್ನು ಕರೆಸಿದರು. ಇಸ್ತ್ರಿ ಮುರಿಯದ ಅಂಗಿ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬೂಟು. ಸುಳ್ಳೇಕೆ, ಅವನು ಕೆಟ್ಟವನಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಬೆಳಿಗ್ಗೆಯೇ ಯೋಚಿಸಿಟ್ಟುಕೊಳ್ಳಿ ಎಂದ. ಆಕೆ ಹಾಗೇ ಮಾಡಿ ನೋಡಿದಳು, ನಿಜಕ್ಕೂ ಕೆಲಸ ಹಗುರಾಯಿತು. ಮೇಲಿನವರ ಜೊತೆ ತಲೆ ತಗ್ಗಿಸಿ ಮಾತಾಡಬೇಡಿ ಎಂದ. ಅದನ್ನು ಕಲಿಯಲು ಆಕೆಗೆ ಬಹಳ ಕಷ್ಟವಾಯಿತು. ಕನ್ನಡಿ ಮುಂದೆ ನಿಂತು ಕತ್ತೆತ್ತುವ ಅಭ್ಯಾಸ ಮಾಡುವುದನ್ನು ಕಂಡು ತಮ್ಮ ಬಿದ್ದು ಬಿದ್ದು ನಕ್ಕ. ಆಮೇಲೆ ಅವನೇ ಮ್ಯಾನೇಜರ್‌ನಂತೆ ಕಾಲ ಮೇಲೆ ಕಾಲು ಹಾಕಿ ಕೂತು ‘ಏನಮ್ಮಾ ನಿಂದು?’ ಎಂದು ಗದರುತ್ತ ಅಭ್ಯಾಸ ಮಾಡಿಸಿದ.

ಕೊನೆಗೊಂದು ದಿನ ತರಬೇತಿಯವನು ಎಲ್ಲರೂ ಹೇಗೆ ಕೆಲಸ ಮಾಡುತ್ತಾರೆಂದು ನೋಡಲು ಒಳಗೆ ಬಂದ. ಆಯ್ತಕ್ಕ ವಾಕಿಟಾಕಿ ಎತ್ತಿ ತನ್ನ ಪುರಾಣ ಶುರು ಮಾಡಿದಳು. ಅವನು ಕೈ ಅಡ್ಡ ಹಿಡಿದ.

‘ಇಷ್ಟೊಂದು ಮಾತು ಯಾಕಮ್ಮಾ? ನೀವು ಮಾತಾಡೋ ಹೊತ್ತಲ್ಲಿ ಅರ್ಧ ಹಿಟ್ಟು ಕಲಸಿಬಿಡಬಹುದು. ಒಂದೇ ಪದ ಸಾಕು. ನಿಮ್ಮ ಬಾಯಲ್ಲಿ ಹೇಗಿದ್ರೂ ಇದೆಯಲ್ಲ, ಆಯ್ತು ಅಂತ! ಅವರು ಕ್ಲೀನ್ ಮಾಡಿ ಕೈ ತೆಗೆದ್ರು, ನೀವು ಆಯ್ತು ಅಂದ್ರಿ, ಸ್ವಿಚ್ಚಣ್ಣ ಒತ್ತಿದ್ರು. ಮುಗೀತು.’

ಎಲ್ಲರೂ ನಕ್ಕರು. ಮ್ಯಾನೇಜರ್ ಚಪ್ಪಾಳೆ ತಟ್ಟಿದ. ನಗುವವರಲ್ಲಿ ತಮ್ಮನೂ ಇದ್ದ. ಆಕೆ ಕತ್ತೆತ್ತಿಯೇ ‘ಆಯ್ತು ಸಾರ್’ ಅಂದಳು. ಅಲ್ಲ, ಅಷ್ಟು ಜನ ಕನ್ನಡ ಮಾತಾಡುವವರು ಅಲ್ಲಿ ನಿಂತಿದ್ದರಲ್ಲ, ಹುಟ್ಟಿದಾಗಿನಿಂದ ಆ ಪದವನ್ನು ಆಡಿದವರು, ಒಬ್ಬರಿಗಾದರೂ ಹೊಳೆಯಬಾರದೇ? ಮಾಡುತ್ತೇನೆ ಅನ್ನಲಿಕ್ಕೂ ಆಯ್ತು, ಮಾಡಿ ಮುಗಿಸಿದೆ ಅನ್ನಲಿಕ್ಕೂ ಆಯ್ತು. ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಕೆಲಸ ಸರಸರ ಸಾಗಿತು. ಆಯ್ತಕ್ಕ ಒಂದು ಮಾತು ಹೇಳುವುದು, ಸ್ವಿಚ್ಚಣ್ಣ ಒತ್ತುವುದು. ಮ್ಯಾನೇಜರ್ ಖುಷಿಯಾಗಿದ್ದ. ಕಾಯಂ ಮಾಡುವ ವಿಷಯ ಮೇಲಿನವರ ಹತ್ತಿರ ಮಾತಾಡಿದ್ದೇನೆ ಎಂದೂ ಹೇಳಿದ. ಆಕೆ ತಮ್ಮನಿಗೆ ಹುಡುಗಿ ನೋಡಲು ಪಕ್ಕದ ಮನೆಯವಳ ಕಿವಿಗೆ ಸುದ್ದಿ ಹಾಕಿಟ್ಟಳು.

ಅಂದು ಮಧ್ಯಾಹ್ನ ಲಾರಿಗಳು ಬಂದು ನಿಂತಿದ್ದವು, ಮಾಲು ಸಾಕಾಗಿರಲಿಲ್ಲ. ತಮ್ಮ ಬಾನಿಯೊಳಗೆ ಬಗ್ಗಿ ಕೊಕ್ಕೆ ಕೆರೆಯುತ್ತಿದ್ದ. ಗಾಜಿನ ಕೋಣೆಯಲ್ಲಿ ಸ್ವಿಚ್ಚಣ್ಣ ಬಟನ್ ಮೇಲೆ ಬೆರಳಿಟ್ಟು ಆ ಒಂದು ಪದಕ್ಕೆ ಕಾಯುತ್ತಿದ್ದ. ಆಗ ವಾಕಿಟಾಕಿಯಲ್ಲಿ ಮ್ಯಾನೇಜರ್‌ನ ದನಿ ಬಂತು: ‘ಏನಮ್ಮಾ, ಇನ್ನೂ ಎಷ್ಟೊತ್ತು? ಬೇಗ ಬೇಗ ಮಾಡಿಸು.’ ಅವನು ಕೇಳಿದ್ದು ಆಕೆಯನ್ನು, ಆದರೆ ಮೂವರ ವಾಕಿಟಾಕಿಯೂ ಒಂದೇ ಲೈನಿನಲ್ಲಿತ್ತು. ಬೇರೆ ಬಾನಿಗಳ ಗದ್ದಲದಲ್ಲಿ ಸ್ವಿಚ್ಚಣ್ಣ ತನ್ನದನ್ನು ಮೇಜಿನ ಮೇಲಿಂದ ಎತ್ತಿ ಕಿವಿಗೆ ಹಿಡಿಯುವಷ್ಟರಲ್ಲಿ ಮ್ಯಾನೇಜರ್‌ನ ಮಾತು ಮುಗಿದಿತ್ತು. ಕೇಳಿಸಿದ್ದು ಅಕ್ಕನ ಉತ್ತರವೊಂದೇ.

‘ಆಯ್ತು.’

ಅವನು ಒತ್ತಿದ.

ತಮ್ಮನ ಆ ಕೂಗನ್ನು ಬರೆಯಲು ನನ್ನಿಂದಾಗದು. ಆಕೆ ಗಾಜಿನ ಕೋಣೆಯತ್ತ ಓಡುತ್ತ ‘ಅಯ್ಯೋ ನಿಲ್ಸೀ!’ ಎಂದು ಅರಚಿದ್ದು ಆಚೆ ರಸ್ತೆಯವರೆಗೂ ಕೇಳಿತಂತೆ. ನಿಲ್ಲಿಸಿದರು. ತಮ್ಮನ ಬಲಗೈ ಮೊಣಕೈಯವರೆಗೆ ಹೋಗಿತ್ತು.

ಮರುದಿನ ಮ್ಯಾನೇಜರ್ ಆಕೆಯನ್ನು ಒಳಗೆ ಕರೆದು ಕೂರಿಸಿದ. ಅವನ ಎದುರು ಆಕೆ ಕೂತದ್ದು ಅದೇ ಮೊದಲು.

‘ನೋಡಮ್ಮಾ, ನಾಳೆ ಇಲ್ಲಿಗೆ ತನಿಖೆಗೆ ಸರ್ಕಾರದ ಕಡೆಯಿಂದ ಮೇಡಂ ಬರ್ತಾರೆ. ನೀನು ಏನೂ ಹೇಳಿಲ್ಲ, ಯಾವ ಆಯ್ತೂ ಅಂದಿಲ್ಲ. ಮೆಷಿನ್ ಓಡ್ತಿತ್ತು, ಅವನು ಹೇಳದೇ ಕೇಳದೇ ಕೈ ಹಾಕಿದ. ಅಷ್ಟೇ. ಆಸ್ಪತ್ರೆ ಖರ್ಚು ನಾವು ನೋಡ್ಕೋತೀವಿ. ನಿನ್ನ ಕೆಲಸಾನೂ ಕಾಯಂ ಆಗುತ್ತೆ.’

ಆಕೆ ‘ಆಯ್ತು’ ಅನ್ನದೆ ಎದ್ದು ನಿಂತಳು. ಅವನು ಅದನ್ನು ಒಪ್ಪಿಗೆ ಅಂದುಕೊಂಡ. ತಪ್ಪೆಲ್ಲ ತಮ್ಮನ ತಲೆಗೆ ಬಂದರೆ ಅವನಿಗೆ ಪರಿಹಾರ ಅನ್ನುವುದು ಇಲ್ಲ. ಕೈ ಹೋದವನಿಗೆ ಮುಂದೆ ಹೊಟ್ಟೆಪಾಡಿನ ಗತಿಯೇನು? ನಿಜ ಹೇಳಿದರೆ ಈಕೆಗೆ ಕೆಲಸವಿಲ್ಲ. ಈಕೆಗೆ ಅದರಲ್ಲಿ ತೂಗಿ ನೋಡುವುದೇನೂ ಇರಲಿಲ್ಲ. ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಆಸ್ಪತ್ರೆಗೆ ಹೋದಳು.

ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆಕೆ ಹಾಸಿಗೆಯ ಅಂಚಿನಲ್ಲಿ ಕೂತು ‘ನಿನ್ನೆ ವಾಕಿಟಾಕೀಲಿ...’ ಎಂದು ಶುರು ಮಾಡಿದಳು.

‘ನಂಗೆ ಕೇಳಿಸ್ತಕ್ಕಾ,’ ಎಂದ ಅವನು. ‘ಅದು ಮ್ಯಾನೇಜರ್‌ಗೆ ಹೇಳಿದ ಆಯ್ತು. ಮುಗೀತು ಅಂತ ಹೇಳಿದ್ದಲ್ಲ. ನಿನ್ನ ದನೀಲೇ ಗೊತ್ತಾಗುತ್ತೆ ನಂಗೆ. ಸ್ವಿಚ್ಚಣ್ಣಂಗೆ ಗೊತ್ತಾಗ್ಲಿಕ್ಕಿಲ್ಲ ಅಂತ ಹೊಳೀತು. ಕೈ ಎಳ್ಕೊಳ್ಳೋಣ ಅಂದೆ... ಅಷ್ಟರಲ್ಲಿ...’

ಆಕೆ ಸೆರಗು ಬಾಯಿಗೆ ತುರುಕಿಕೊಂಡಳು.

‘ಅಳಬೇಡ ಸುಮ್ಮನಿರು. ತನಿಖೆಯ ಮೇಡಂ ಬೆಳಿಗ್ಗೇನೇ ಬಂದಿದ್ರು ಇಲ್ಲಿಗೆ. ನಂದೇ ತಪ್ಪು, ಹೇಳದೇ ಕೈ ಹಾಕ್ದೆ ಅಂದ್ಬಿಟ್ಟಿದೀನಿ. ನೀನೂ ಅದನ್ನೇ ಹೇಳು. ನನ್ನ ಕೈಯಂತೂ ಹೋಯ್ತು. ನಿನ್ನ ಕುರ್ಚಿನಾದ್ರೂ ಉಳೀಲಿ.’

ಆಕೆ ಅವನ ಹೊದಿಕೆ ಸರಿಮಾಡಿದಳು. ಅವನ ತಲೆ ಸವರಿ ಎದ್ದು ಬಂದಳು.

ಮರುದಿನ ಆ ಮೇಡಂ ಮುಂದೆ, ಮ್ಯಾನೇಜರ್‌ನ ಎದುರಿಗೇ ಎಲ್ಲವನ್ನೂ ಹೇಳಿದಳು. ದಕ್ಷತೆ ಗಿಕ್ಷತೆ ಎಲ್ಲ ಮರೆತು, ತನ್ನ ಹಳೆಯ ರೀತಿಯಲ್ಲಿ ಉದ್ದಕ್ಕೆ ಹೇಳಿದಳು. ಸ್ವಿಚ್ಚು ಕೆಟ್ಟದ್ದು, ಹೇಳಿ ಹೇಳಿ ಸಾಕಾದದ್ದು, ಗಾಜಿನ ಮೇಲಿನ ಧೂಳು, ತರಬೇತಿಯವನು ಮಾತು ಕತ್ತರಿಸಿದ್ದು, ತಾನು ಅಂದದ್ದು. ‘ನನ್ನ ತಮ್ಮ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಿದ್ದಾನೆ ಮೇಡಂ. ಆಯ್ತು ಅಂದಿದ್ದು ನಾನು,’ ಎಂದಳು. ಸ್ವಿಚ್ಚಣ್ಣ ಮುಖ ಮುಚ್ಚಿಕೊಂಡು ‘ಹೌದು, ಅದನ್ನ ಕೇಳೇ ಒತ್ತಿದೆ’ ಎಂದು ಗೊಳೋ ಎಂದು ಅತ್ತ. ಮ್ಯಾನೇಜರ್ ಕಿಟಕಿಯಾಚೆ ನೋಡುತ್ತಿದ್ದ.

ತಮ್ಮನಿಗೆ ಪರಿಹಾರ ಕೊಡಬೇಕೆಂದಾಯಿತು. ಬಾನಿಯ ಸ್ವಿಚ್ಚು ಒಂದೇ ದಿನದಲ್ಲಿ ರಿಪೇರಿಯಾಯಿತು. ಆಯ್ತಕ್ಕನನ್ನು ಕೆಲಸದಿಂದ ತೆಗೆದರು.

ಆಕೆ ಈಗ ನಾಲ್ಕಾರು ಮನೆಗಳಲ್ಲಿ ನೆಲ ಒರೆಸುತ್ತಾಳೆ. ಮಂಡಿ ಊರಿ ಒರೆಸಬೇಕು, ಏಳುವಾಗ ಗೋಡೆ ಹಿಡಿಯಬೇಕು. ಆಸ್ಪತ್ರೆಯಿಂದ ಬಂದ ತಮ್ಮ ಆಕೆಯ ಜೊತೆ ಮಾತು ಬಿಟ್ಟ. ಅಷ್ಟು ಮಾತಿನ ಮಲ್ಲ, ಮನೆಯಲ್ಲಿ ಇದ್ದೂ ಇಲ್ಲದಂತಾದ. ಕೈ ಕಳೆದ ಸಿಟ್ಟು, ಇರಲಿ, ತನಗೆ ಬರಬೇಕಾದದ್ದೇ ಎಂದು ಆಕೆ ಹಲ್ಲುಕಚ್ಚಿ ಸಹಿಸಿಕೊಂಡಳು.

ಒಂದು ಸಂಜೆ ಅವನು ಎಡಗೈಯಲ್ಲಿ ಉಣ್ಣಲು ಒದ್ದಾಡುತ್ತಿದ್ದ. ತುತ್ತು ಬಾಯಿ ಸೇರುವ ಮೊದಲೇ ಮಡಿಲಿಗೆ ಚೆಲ್ಲುತ್ತಿತ್ತು. ನೋಡಲಾರದೆ ಆಕೆ ತಟ್ಟೆ ತನ್ನತ್ತ ಎಳೆದುಕೊಂಡು, ಒಂದು ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಮುಖ ತಿರುಗಿಸಿದ.

‘ಸಿಟ್ಟಿದ್ರೆ ಹೊಡಿ ಕಣೋ, ಬೈಯಿ. ನಿನ್ನ ಕೈ ತಿಂದವಳು ನಾನು. ಹೀಗೆ ಬಾಯಿ ಮುಚ್ಕೊಂಡು ಕೊಲ್ಲಬೇಡ,’ ಎಂದಳು ಆಕೆ.

‘ಕೈಗಲ್ಲ ಅಕ್ಕಾ ಸಿಟ್ಟು.’ ಎಷ್ಟೋ ದಿನಗಳ ಮೇಲೆ ಅವನ ದನಿ ಹೊರಬಂದಿತ್ತು. ‘ಹುಟ್ಟಿದಾಗಿಂದ ನಿನ್ನ ಹತ್ರ ತಗೊಂಡು ತಗೊಂಡೇ ಬದುಕಿದೀನಿ. ಒಂದ್ಸಲ ನಾನು ಕೊಡೋಣ ಅಂತಿದ್ದೆ. ನನ್ನ ಹತ್ರ ಕೊಡೋಕೆ ಇದ್ದಿದ್ದು ಅದೊಂದೇ ಸುಳ್ಳು. ಅದನ್ನೂ ಎಲ್ಲರ ಮುಂದೆ ಎಸೆದು ಬಂದೆಯಲ್ಲಾ. ನನ್ನನ್ನ ಒಂದು ಮಾತು ಕೇಳಿದ್ಯಾ?’

ಕೇಳಬೇಕೆಂದು ಹೊಳೆದೇ ಇರಲಿಲ್ಲ ಆಕೆಗೆ. ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಅವನು ಎಡಗೈಯಲ್ಲಿ ಇನ್ನೊಂದು ತುತ್ತು ಮಾಡಿದ, ಅದೂ ಚೆಲ್ಲಿತು. ಇನ್ನೊಂದು ಮಾಡಿದ. ಆಕೆ ತನ್ನ ಎರಡೂ ಕೈಗಳನ್ನು ಮಂಡಿಯ ಕೆಳಗೆ ಒತ್ತಿ ಹಿಡಿದುಕೊಂಡು, ಸಹಾಯ ಮಾಡದೆ ಕೂತಿದ್ದಳು.