ಹುಲ್ಲು ಕಾಯುವ ತಮ್ದ್ರಿನ್
ಹಳದಿ ನದಿ ಹುಟ್ಟುವ ಎತ್ತರದ ಬಯಲಿನಲ್ಲಿ ಹುಲ್ಲು ಕಾಯುವ ಕೆಲಸ ತಮ್ದ್ರಿನ್‌ನದು. ಹುಲ್ಲು ಸತ್ತು ಕಪ್ಪಾಗಿದ್ದ ನೆಲಕ್ಕೆ ಬೇಲಿ ಹಾಕಿ, ಬೀಜ ಬಿತ್ತಿ, ಅವನನ್ನು ಕಾವಲಿಗಿಟ್ಟು ಒಂಬತ್ತು ವರ್ಷವಾಯಿತು. ಮಲಗಿದ ಕೂಸಿನ ಪಕ್ಕ ಓಡಾಡುವವನಂತೆ ಅಲ್ಲಿ ತುದಿಗಾಲಲ್ಲಿ ನಡೆಯುತ್ತಾನೆ. ಜೋರಾಗಿ ಕೆಮ್ಮಿದವರನ್ನೂ ಗದರುತ್ತಾನೆ. ಮೇಯಲು ಬಂದ ಯಾಕ್ ದನ ಬೇಲಿಗೆ ಮೂತಿ ತಾಗಿಸಿದರೆ, "ನಿಮ್ಮಜ್ಜಿ ತಿಂದಿದ್ದೇ ಸಾಕು, ಹೋಗೇ" ಎಂದು ಬೈಯುತ್ತಾನೆ. ಬೆಚ್ಚಗಿನ ಗಾಳಿ ಬೀಸಿದ ದಿನ ಮಾತ್ರ ಬಾರ್ಲಿ ಹಿಟ್ಟಿನ ಉಂಡೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾನೆ. ನೆಲದಡಿಯ ಮಂಜುಗಡ್ಡೆ ಕರಗಿದ ಕಡೆ ಗುಡ್ಡದ ಮಗ್ಗುಲೇ ಜಾರಿಹೋದದ್ದನ್ನು ಕಂಡವನು ಅವನು. ಆಳೆತ್ತರದ ಸಲಾಕೆ ಹಿಡಿದು ಹೊರಟು, ಅಲ್ಲಲ್ಲಿ ಚುಚ್ಚಿ ನೋಡುತ್ತಾನೆ. ಹುಲ್ಲು ಹೊದ್ದ ನೆಲಕ್ಕೆ ಬಿಸಿಲು ಇಳಿಯದೆ ಮಂಜು ಉಳಿಯುತ್ತದೆ; ಹೊಸ ಹುಲ್ಲಿನ ಕೆಳಗೆ ಸಲಾಕೆ ಸೊಂಟದಾಳದಲ್ಲಿ ಮಂಜಿಗೆ ತಗುಲಿ ನಿಂತರೆ ಉಸಿರು ಬಿಡುತ್ತಾನೆ. ಈ ಬೇಸಗೆಯಲ್ಲಿ ತನ್ನ ಮನೆಯ ಹಿಂದಿನ ಬೋಳು ನೆಲದಲ್ಲೂ ಚುಚ್ಚಿದ. ಸಲಾಕೆ ಎಲ್ಲೂ ತಗುಲದೆ ಹಿಡಿಯವರೆಗೂ ಇಳಿಯಿತು. "ಮಂಜು ಸಿಕ್ತಾ?" ಎಂದು ಹೆಂಡತಿ ಯುದ್ರೋನ್ ಒಳಗಿನಿಂದ ಕೇಳಿದಳು. "ಸಿಕ್ತು, ಕಲ್ಲಿನ ಹಾಗಿದೆ" ಎಂದ. ಅಂದಿನಿಂದ ಮನೆಯ ಸುತ್ತ ಮಂಡಿಯೂರಿ ಹುಲ್ಲಿನ ಬೀಜ ಹಾಕುತ್ತಿದ್ದಾನೆ. ಮೊನ್ನೆ ತಲೆಯೆತ್ತಿದಾಗ, ಯುದ್ರೋನ್ ಬಿರುಕು ಬಿಟ್ಟ ಗೋಡೆಯ ಬುಡದಲ್ಲಿ ಕೂತು, ಒಂದೊಂದೇ ಬೀಜವನ್ನು ಹೆಬ್ಬೆರಳಿನಿಂದ ಮಣ್ಣಿಗೆ ಒತ್ತುತ್ತಿದ್ದಳು.