ಎಣಿಸದೆ ಬಿಟ್ಟ ಉಸಿರು

ಕೋವಿಡ್ ಇಳಿದ ಮರುವರ್ಷ ನಾನು ಕಡೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಐದು ವರ್ಷದೊಳಗಿನ ಮಗು ತೀರಿಕೊಂಡರೆ ಮನೆಗೆ ಹೋಗಿ ಕಾರಣ ವಿಚಾರಿಸಿ ವರದಿ ಕಳಿಸಬೇಕು; ಇದನ್ನು ಚೈಲ್ಡ್ ಡೆತ್ ರಿವ್ಯೂ ಎನ್ನುತ್ತಾರೆ. ಮಕ್ಕಳ ಆರೋಗ್ಯದ ಯೋಜನೆಗಳು ರೂಪುಗೊಳ್ಳುವುದು ಇಂಥ ವರದಿಗಳ ಮೇಲೆಯೇ.

ಹಿರೇನಲ್ಲೂರಿನ ಆಚೆಯ ಹಳ್ಳಿಯೊಂದರಲ್ಲಿ ಎಂಟು ತಿಂಗಳ ಹೆಣ್ಣುಮಗು ನ್ಯುಮೋನಿಯಾದಿಂದ, ದೊಡ್ಡಾಸ್ಪತ್ರೆಯ ದಾರಿಯಲ್ಲೇ ಸತ್ತಿತ್ತು. ಆರೋಗ್ಯ ಸಹಾಯಕ ಲೋಕೇಶ್ ಜೊತೆ ಹೋದೆ. ಚಿಕಿತ್ಸೆ ತಡವಾದದ್ದಕ್ಕೆ ವರದಿಯ ಫಾರಂನಲ್ಲಿ ಮೂರು ಕಾರಣಗಳಿದ್ದವು: ಮನೆಯವರು ತಡ ಮಾಡಿದ್ದು, ವಾಹನ ಸಿಗದಿದ್ದದ್ದು, ಆಸ್ಪತ್ರೆಯಲ್ಲಿ ಸರಿಯಾದ ಚಿಕಿತ್ಸೆ ಸಿಗದಿದ್ದದ್ದು. ಲೋಕೇಶ್ ಮೊದಲನೆಯದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೇ ಬಂದಿದ್ದ.

ತಾಯಿ ಸುಮಾಗೆ ಇಪ್ಪತ್ತೆರಡು ಇದ್ದೀತು. ಸೊಸೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗಲಿಲ್ಲವೆಂದು ಅತ್ತೆಯೇ ಮೊದಲು ಹೇಳಿದರು. ಸುಮಾ ಒಳಗಿನಿಂದ ಒಂದು ಚೀಟಿ ತಂದುಕೊಟ್ಟಳು. ಮಗು ಸಾಯುವ ಎರಡು ದಿನ ಮೊದಲಿನ ನಮ್ಮದೇ ಕೇಂದ್ರದ ಹೊರರೋಗಿ ಚೀಟಿ. ಜ್ವರದ ಹನಿ, ಕೆಮ್ಮಿನ ಸಿರಪ್, ಕೆಳಗೆ ನನ್ನ ಸಹಿ. ಮಗುವಿನ ಮುಖ ಮಾತ್ರ ನೆನಪಾಗಲಿಲ್ಲ.

“ಅಂಗಿ ಎತ್ತಿ ತೋರ್ಸಿದ್ದೆ ಸಾರ್. ಪಕ್ಕೆ ಒಳಕ್ಕೆ ಹೋಗ್ತಿತ್ತು. ನೀವು ಬರೀತಿದ್ರಿ” ಎಂದಳು.

ಆ ವಯಸ್ಸಿನ ಮಗು ನಿಮಿಷಕ್ಕೆ ಐವತ್ತು ಸಲ ಅಥವಾ ಇನ್ನೂ ಹೆಚ್ಚು ಉಸಿರೆಳೆದರೆ ನ್ಯುಮೋನಿಯಾ ಎಂದೇ ಎಣಿಸಬೇಕು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಎಳೆದುಕೊಂಡರೆ ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸಿದವನು ನಾನೇ. ಅವತ್ತು ಹೊರಗೆ ಜನ ತುಂಬಿದ್ದರು ಎಂಬುದು ನಿಜ. ಉಸಿರು ಎಣಿಸಲು ಬೇಕಿದ್ದದ್ದು ಒಂದೇ ನಿಮಿಷ ಎಂಬುದೂ ನಿಜ.

ಲೋಕೇಶ್ ನನ್ನನ್ನು ಅಂಗಳಕ್ಕೆ ಕರೆದ. “ನಿಮ್ ರಿಟೈರ್‌ಮೆಂಟ್ ಹತ್ರ ಐತೆ ಸಾರ್. ಇರೋ ಟಿಕ್ ಇರ್ಲಿ ಬಿಡಿ.” ಅರೆಗಳಿಗೆ ನನಗೂ ಆಸೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಒಳಗೆ ಬಂದು ಸುಮಾ ಎದುರು ಕೂತು, ಮಗುವನ್ನು ಅಂದೇ ಕಳಿಸಬೇಕಿತ್ತು, ತಪ್ಪು ನನ್ನದು ಎಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ಇದನ್ನ ನಮ್ಮೆಜಮಾನ್ರಿಗೂ ಹೇಳಿ ಸಾರ್. ಅವತ್ತಿಂದ ನನ್ ಜೊತೆ ಮಾತಾಡಿಲ್ಲ.”

ಹಿತ್ತಿಲಲ್ಲಿ ಕೂತಿದ್ದ ಅವಳ ಗಂಡನ ಹತ್ತಿರ ಹೋಗಿ ಅದೇ ಮಾತು ಹೇಳಿದೆ. ಅವನು ತಲೆ ಎತ್ತಲಿಲ್ಲ.

ಮೂರನೆಯ ಕಾರಣಕ್ಕೆ ಗುರುತು ಹಾಕಿ, ಚೀಟಿಯ ನಕಲು ಲಗತ್ತಿಸಿ, ಬೇರೆ ವೈದ್ಯರಿಂದ ತನಿಖೆ ಮಾಡಿಸಿ ಎಂದು ಬರೆದೆ. ನನಗೆ ನೋಟಿಸ್ ಬಂತು, ಛೀಮಾರಿಯೂ ಆಯಿತು. ನಮ್ಮ ಕೇಂದ್ರದ ಮಕ್ಕಳ ಚೀಟಿಯಲ್ಲಿ ಉಸಿರಿನ ಎಣಿಕೆಗೆ ಒಂದು ಕಾಲಂ ಸೇರಿತು. ಬೇರೆ ಕಡೆ ಸೇರಿದ್ದನ್ನು ನಾನು ಕಾಣೆ.

ತಾಯಿಯ ಮಾತು ಕೇಳಿಸಿಕೊಳ್ಳದೆ ಬರೆದ ಅಂಕಿಅಂಶದಿಂದ ಯಾವ ಮಗುವೂ ಉಳಿಯುವುದಿಲ್ಲ ಎಂಬುದು ವೃತ್ತಿಯ ಕೊನೆಯಲ್ಲಿ ನಾನು ಕಲಿತ ಪಾಠ. ‘ಮನೆಯವರ ತಡ’ ಎಂದಿದ್ದ ಎಷ್ಟೋ ಫಾರಂಗಳಿಗೆ ಅದಕ್ಕೂ ಮುಂಚೆ ಓದದೆ ಸಹಿ ಹಾಕಿದ್ದೇನೆ. ಆ ಮನೆಗಳಿಗೆ ನಾನು ಮತ್ತೆ ಹೋಗಲಿಲ್ಲ.